ಬಾಗಿಲಿಗೆ ಒಂದು ಹನಿ

ನಮ್ಮ ಊರಿನ ಬಾಗಿಲುಗಳಿಗೆ ಬೀಗವಿಲ್ಲ. ಚಿಲಕದ ಕೆಳಗೆ ಹೆಬ್ಬೆರಳು ಹಿಡಿಸುವಷ್ಟು ಒಂದು ಕುಳಿ ಇರುತ್ತದೆ. ಆ ಮನೆಯವರು ಯಾರಾದರೂ ತಮ್ಮ ಕಣ್ಣಿನ ಒಂದು ಹನಿಯನ್ನು ಹೆಬ್ಬೆರಳಿಗೆ ತೆಗೆದುಕೊಂಡು ಅಲ್ಲಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಹೊರಗೆ ಬಂದು ಎಳೆದುಕೊಂಡರೆ ಮುಚ್ಚಿಕೊಳ್ಳುತ್ತದೆ. ಇದರಲ್ಲಿ ದುಃಖದ ಮಾತೇನೂ ಇಲ್ಲ. ನೀರು ಸೇದಲು ಹಗ್ಗ ಬೇಕು, ಮನೆಯೊಳಗೆ ಹೋಗಲು ಹನಿ ಬೇಕು, ಅಷ್ಟೆ.

ಅದಕ್ಕೇ ಪ್ರತಿ ಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ದೀಪದ ಜೊತೆ ಒಂದು ಈರುಳ್ಳಿಯೂ ಸಣ್ಣ ಚಾಕುವೂ ಇರುತ್ತವೆ. ಕೆಲವರು ಈರುಳ್ಳಿ ಇಲ್ಲದೆಯೇ ನಿಭಾಯಿಸುತ್ತಾರೆ. ನಮ್ಮ ಬೀದಿಯ ಮೇಷ್ಟ್ರೊಬ್ಬರು ಮೂಗಿನ ಕೂದಲು ಒಂದನ್ನು ಕಿತ್ತು ಒಳಗೆ ಹೋಗುತ್ತಾರೆ. ಎದುರು ಮನೆಯ ಲಾರಿ ಡ್ರೈವರ್ ಗುರುಬಸಪ್ಪ ಮೆಟ್ಟಿಲು ಹತ್ತುವಾಗ ತೀರಿಹೋದ ತನ್ನ ತಾಯಿಯನ್ನು ನೆನೆಸಿಕೊಳ್ಳುತ್ತಾನೆ. ಮೂರು ಮೆಟ್ಟಿಲು ಮುಗಿಯುವಷ್ಟರಲ್ಲಿ ಅವನ ಕಣ್ಣು ತುಂಬಿರುತ್ತದೆ. ಮದುವೆಯಾಗಿ ಬಂದ ಹೆಣ್ಣು ಮೊದಲ ದಿನ ಕುಳಿಗೆ ತನ್ನ ಹನಿ ಒತ್ತಿದರೆ ಬಾಗಿಲು ಅವಳನ್ನು ಮನೆಯವಳೆಂದು ಹಿಡಿದುಕೊಳ್ಳುತ್ತದೆ. ಆಮೇಲೆ ಅವಳ ಹನಿಯೂ ನಡೆಯುತ್ತದೆ. ಪಕ್ಕದ ಮನೆಯವರದು ನಡೆಯುವುದಿಲ್ಲ.

ನಾನು ಚೆನ್ನಾಜಮ್ಮ. ಬೀದಿಯ ಮೂಲೆಯಲ್ಲಿ ಕೂತು ನಲವತ್ತು ವರ್ಷದಿಂದ ಈರುಳ್ಳಿ ಮಾರುತ್ತಿದ್ದೇನೆ. ಜನರ ಕಣ್ಣು ನೋಡಿ ಅವರಿಗೆ ಯಾವುದು ಆದೀತೆಂದು ಹೇಳಬಲ್ಲೆ. ಮಕ್ಕಳಿಗೆ ಬಿಳಿಯದು, ದೊಡ್ಡವರಿಗೆ ಕೆಂಪು, ಗಟ್ಟಿ ಜೀವಗಳಿಗೆ ಸಾಂಬಾರ್ ಈರುಳ್ಳಿ. ಬೆಳಗ್ಗೆಯೂ ಸಂಜೆಯೂ ವ್ಯಾಪಾರ ಇರುತ್ತದೆ. ಮಧ್ಯಾಹ್ನ ಊಟದ ಮೇಲೆ ಒಂದು ಗಡ್ಡೆಯೂ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಬುಟ್ಟಿಗೆ ಗೋಣಿತಾಟು ಮುಚ್ಚಿ ನಾನೂ ಮಲಗಿಬಿಡುತ್ತೇನೆ. ಯಾಕೆ ಹೋಗುವುದಿಲ್ಲ ಎಂದು ಯಾವತ್ತೂ ಕೇಳಿಕೊಂಡವಳಲ್ಲ.

ಇನ್ನೊಂದು ವಿಷಯ ಹೇಳಬೇಕು. ಮುಚ್ಚಿದ ಮೇಲೆ ಮೂವತ್ತು ದಿನ ಹನಿ ಕಾಣದ ಬಾಗಿಲು, ಮೂವತ್ತನೇ ದಿನ ಹೊತ್ತು ಮುಳುಗಿದ ಕೂಡಲೇ ಗೋಡೆಯಾಗಿಬಿಡುತ್ತದೆ. ನಮ್ಮ ಬೀದಿಯಲ್ಲೇ ಒಂದಿದೆ, ಬಳೆಗಾರ ಕೆಂಚಪ್ಪನದು. ನೆಂಟರ ಮನೆಗೆ ಹೋದವರು ಹೊಳೆ ತುಂಬಿ ಅಲ್ಲೇ ಉಳಿದರು. ಬಂದು ನೋಡಿದರೆ ಹೊಸ್ತಿಲು ಇದೆ, ಬಾಗಿಲಿಲ್ಲ. ಗೋಡೆ ಒಡೆದು ನೋಡಿದರು. ಮಣ್ಣು ಸಿಕ್ಕಿತು, ಮನೆ ಸಿಗಲಿಲ್ಲ. ಈಗ ಆ ಹೊಸ್ತಿಲ ಮೇಲೆ ಕೂತು ಜನ ಉಗುರು ಕತ್ತರಿಸಿಕೊಳ್ಳುತ್ತಾರೆ. ಕೆಂಚಪ್ಪನ ಹೆಂಡತಿ ಬೇರೆ ಬೀದಿಯಿಂದ ಬಂದು ಅದರ ಮುಂದೆ ಇವತ್ತಿಗೂ ರಂಗೋಲಿ ಹಾಕಿ ಹೋಗುತ್ತಾಳೆ.

ನಾಲ್ಕು ವರ್ಷದ ಹಿಂದೆ ಹಳೇ ಹತ್ತಿ ಗಿರಣಿಯಲ್ಲಿ ಕಂಪ್ಯೂಟರ್ ಕೆಲಸ ಶುರುವಾಯಿತು. ಯಾವ್ಯಾವುದೋ ಊರಿನ ರಸ್ತೆಗಳ ಚಿತ್ರಗಳು ಪರದೆಯ ಮೇಲೆ ಬರುತ್ತವೆ. ಇದು ಮರ, ಇದು ಕಂಬ, ಇದು ಹಸು ಎಂದು ಅವಕ್ಕೆ ಗುರುತು ಹಾಕಬೇಕು. ಬೆಳಗ್ಗೆ ಎಂಟಕ್ಕೆ ಹೋದರೆ ಸಂಜೆ ಆರರವರೆಗೆ. ಅರವತ್ತು ಜನಕ್ಕೆ ಕೆಲಸ ಸಿಕ್ಕಿತು, ಎದುರು ಮನೆಯ ಇಂದುಮತಿಗೂ. ಈಕೆ ಗುರುಬಸಪ್ಪನ ಹೆಂಡತಿ, ಮೂವತ್ತೆರಡು ವರ್ಷದವಳು. ಕೆಲಸದಲ್ಲಿ ಅಚ್ಚುಕಟ್ಟು, ಮಾತು ಕಡಿಮೆ.

ಮೊದಮೊದಲು ಗಿರಣಿಯವರ ಕಣ್ಣಿಂದ ಬೇಕಾದಷ್ಟು ನೀರು ಸುರಿಯಿತು. ಬೀದಿಯ ಗಾಳಿ ತಗುಲಿದರೆ ಸಾಕು, ಕಣ್ಣು ಒರೆಸಿಕೊಳ್ಳುತ್ತ ಬರುತ್ತಿದ್ದರು. ಇವರಿಗೆ ಇನ್ನು ಬಾಗಿಲಿನ ಚಿಂತೆಯಿಲ್ಲ ಎಂದು ಊರೆಲ್ಲ ನಕ್ಕಿತು. ವರ್ಷ ಕಳೆದ ಮೇಲೆ ಒಬ್ಬೊಬ್ಬರದಾಗಿ ಕಣ್ಣು ಬತ್ತುತ್ತ ಬಂತು. ಸಂಜೆ ನನ್ನ ಮುಂದೆ ಬಂದು ನಿಂತು, "ಇದಕ್ಕಿಂತ ಖಾರದ್ದು ಇದ್ಯಾ ದೊಡ್ಡಮ್ಮ?" ಎಂದು ಕೇಳತೊಡಗಿದರು. ನಾನು ಕೊಟ್ಟೆ. ವ್ಯಾಪಾರ ಚೆನ್ನಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಇಂದುಮತಿಗೆ ಆರು ತಿಂಗಳಿಂದ ಯಾವ ಈರುಳ್ಳಿಗೂ ಹನಿ ಬರುತ್ತಿರಲಿಲ್ಲ. ಗುರುಬಸಪ್ಪ ಹತ್ತಿರದ ಲೋಡುಗಳನ್ನೇ ಹಿಡಿಯುತ್ತಿದ್ದುದರಿಂದ ಸಂಜೆಗೆ ಅವನೇ ಬಂದು ಬಾಗಿಲು ತೆಗೆಯುತ್ತಿದ್ದ. ಆಮೇಲೆ ಒಂದು ದೂರದ ಲೋಡು ಬಂತು, ಹೋಗಲೇಬೇಕಾಯಿತು. ಹೊರಡುವ ದಿನ ಒರಳಿನ ಗುಂಡುಕಲ್ಲನ್ನು ಹೊಸ್ತಿಲ ಹತ್ತಿರ ಉರುಳಿಸಿಟ್ಟು, "ನಾನು ಬರೋವರ್ಗೂ ಬಾಗ್ಲು ಎಳೀಬೇಡ, ಇದನ್ನ ಅಡ್ಡ ಇಟ್ಟು ಹೋಗು. ದೊಡ್ಡಮ್ಮ ನೋಡ್ಕೋತಾರೆ," ಎಂದು ಹೇಳಿ ಹೋದ. ಮಾರನೇ ದಿನ ಬೆಳಗ್ಗೆ ಅವಳು ಉರಿಯುವ ಕಣ್ಣನ್ನು ಅರ್ಧ ಮುಚ್ಚಿಕೊಂಡು ಹೊರಗೆ ಬಂದಳು. ಅಡ್ಡವಿದ್ದ ಗುಂಡುಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಹತ್ತು ವರ್ಷದ ಅಭ್ಯಾಸದಂತೆ ಬಾಗಿಲು ಎಳೆದುಕೊಂಡಳು. ನಾನು ಮೂಲೆಯಿಂದ ನೋಡಿದೆ. ಕೂಗುವಷ್ಟರಲ್ಲಿ ಮುಗಿದಿತ್ತು.

ಅವತ್ತು ಸಂಜೆ ಅವಳು ಅರ್ಧ ಗಂಟೆ ಈರುಳ್ಳಿ ಹೆಚ್ಚಿದಳು. ಕಣ್ಣು ಕೆಂಪಾಯಿತು, ಹನಿ ಬರಲಿಲ್ಲ. ಕೊನೆಗೆ ನಮ್ಮ ಮನೆಗೆ ಬಂದು ಮಲಗಿದಳು. ನನ್ನ ಸೀರೆ ಉಟ್ಟಳು. ನನ್ನ ರವಿಕೆ ತೊಟ್ಟರೆ ಅದರಲ್ಲಿ ಇನ್ನೊಬ್ಬಳಿಗೂ ಜಾಗ ಇತ್ತು.

ಗಂಡನಿಗೆ ಫೋನು ಮಾಡಿದಳು. ಅವನ ಲಾರಿಯ ಗೇರ್‌ಬಾಕ್ಸ್ ಕೆಟ್ಟು ಯಾವುದೋ ಘಾಟಿಯ ಕೆಳಗೆ ನಿಂತಿತ್ತು, ದೂರದಿಂದ ಸಾಮಾನು ಬರಬೇಕಿತ್ತು, ಲೋಡು ಬಿಟ್ಟು ಬರುವ ಹಾಗಿರಲಿಲ್ಲ. ವಿಷಯ ಕೇಳಿ ಅಲ್ಲೇ ಅತ್ತುಬಿಟ್ಟ.

"ಅಲ್ಲಿ ಅತ್ರೆ ಇಲ್ಲಿ ಬಾಗ್ಲು ತೆಗೆಯುತ್ತಾ," ಎಂದಳು ಇಂದುಮತಿ. ಸಿಟ್ಟಿನಿಂದಲ್ಲ, ಲೆಕ್ಕ ಹೇಳುವವರ ಹಾಗೆ.

ಬೆಳಗ್ಗೆ ಆರಕ್ಕೆ ಎದುರು ಮನೆಯೊಳಗೆ ಅವಳ ಅಲಾರಂ ಗಡಿಯಾರ ಹೊಡೆಯಿತು. ನಿಲ್ಲಿಸುವವರಿಲ್ಲದೆ ತಾನೇ ಸುಸ್ತಾಗಿ ನಿಂತಿತು. ಮಾರನೇ ದಿನವೂ ಹೊಡೆಯಿತು. ಬೀದಿಗೆಲ್ಲ ಕೇಳಿಸುತ್ತಿತ್ತು. ಅವಳು ಚಾಪೆಯ ಮೇಲೆ ಎದ್ದು ಕೂತು ಅದು ನಿಲ್ಲುವವರೆಗೂ ಕೇಳುತ್ತಿದ್ದಳು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಐದನೇ ದಿನ ನನ್ನ ಹತ್ತಿರವಿದ್ದ ಅತಿ ಖಾರದ ಸಣ್ಣ ಈರುಳ್ಳಿಯನ್ನು ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ಅವಳ ಕಣ್ಣ ಕೆಳಗೆ ಒತ್ತಿದೆ. ನಲವತ್ತು ವರ್ಷದ ಅನುಭವ ನನ್ನದೆಂಬ ಸೊಕ್ಕು ಇತ್ತು. ಅವಳು ಹಲ್ಲು ಕಚ್ಚಿಕೊಂಡು ತಡೆದಳು. ರಾತ್ರಿಗೆ ರೆಪ್ಪೆ ಊದಿ, ಕಣ್ಣಿನಲ್ಲಿ ಮರಳು ಹಾಕಿದ ಹಾಗಾಯಿತು. ಹನಿ ಮಾತ್ರ ಇಲ್ಲ.

ಪಕ್ಕದ ಮನೆಯ ನಿಂಗಮ್ಮನ ದಾರಿ ಬೇರೆ. ನಿಂಗಮ್ಮ ಒಳ್ಳೆಯವಳೇ, ಬಾಯಿ ಮಾತ್ರ ಸಾಣೆ ಹಿಡಿದದ್ದು.

"ಎದೆ ಒಣಗಿದ್ರೆ ಕಣ್ಣೆಲ್ಲಿ ನೆನೀತದೆ?" ಎಂದಳು. "ಅತ್ತೆ ಸತ್ತಾಗ್ಲೂ ಇವ್ಳು ಅತ್ತಿದ್ದು ನಾ ಕಾಣೆ."

"ಹೆಣದ ಪಕ್ಕ ಕೂತು ಕಾಫಿಗೆ ಸಕ್ಕರೆ ಸಾಲ್ದು ಅಂದೋಳು ಯಾರು ನಿಂಗಿ?" ಎಂದೆ.

"ಸಾಲ್ದೇ ಇದ್ರೆ ಸಾಲ್ದು ಅನ್ಬಾರ್ದಾ?"

ಆದರೂ ಅವಳು ನಾಲ್ಕು ಹೆಂಗಸರನ್ನು ಕರೆತಂದು ಇಂದುಮತಿಯ ಸುತ್ತ ಕೂರಿಸಿದಳು. ಒಬ್ಬೊಬ್ಬರೂ ತಮ್ಮ ಕಷ್ಟ ಹೇಳಿಕೊಂಡರು. ಗಂಡ ಹೊಡೆದದ್ದು, ಕೂಸು ಹೋದದ್ದು, ತವರಿನವರು ಕೈಬಿಟ್ಟದ್ದು. ಹೇಳಿದವರು ಅತ್ತರು, ಕೇಳಿದ ನಾನೂ ಅತ್ತೆ. ಇಂದುಮತಿಯ ಮುಖ ಕಿವುಚಿಕೊಂಡಿತು, ಕೂಸು ಕಳೆದವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣು ಮಾತ್ರ ಬಿಸಿಲಿಗಿಟ್ಟ ತಟ್ಟೆಯ ಹಾಗೆ ಇತ್ತು. ಅವಳ ದುಃಖಕ್ಕೆ ಕೊರತೆಯಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ನಿಂಗಮ್ಮನಿಗೂ ಗೊತ್ತಾಗಿರಬೇಕು, ಎದ್ದು ಹೋಗಿ ಅವಳಿಗೆ ಮಜ್ಜಿಗೆ ತಂದುಕೊಟ್ಟಳು.

ಒಂಬತ್ತನೇ ದಿನ ಮಧ್ಯಾಹ್ನ ಬುತ್ತಿ ಕೊಡುವ ನೆಪದಲ್ಲಿ ಗಿರಣಿಗೆ ಹೋದೆ. ಒಳಗೆ ಕಾಲಿಟ್ಟರೆ ಮೀನಿನ ಸಂತೆಗೆ ಬಂದ ಹಾಗಾಯಿತು. ವಾಸನೆಯಲ್ಲ, ಕಣ್ಣುಗಳು. ಅರವತ್ತು ಜನ, ಎಲ್ಲರದೂ ಅರಳಿಕೊಂಡ ಕಣ್ಣು. ಪರದೆಗಳನ್ನು ಹಣೆಗಿಂತ ಎತ್ತರಕ್ಕೆ ಇಟ್ಟಿದ್ದರು. ದೊಡ್ಡ ದೊಡ್ಡ ಫ್ಯಾನುಗಳ ಗಾಳಿ ನೇರ ಮುಖಕ್ಕೆ ಬಡಿಯುತ್ತಿತ್ತು. ನಾನು ಬಾಗಿಲ ಹತ್ತಿರ ಕೂತು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲಿ ನನ್ನ ರೆಪ್ಪೆ ಹತ್ತು ಹದಿನೈದು ಸಲವಾದರೂ ಬಡಿದಿತ್ತು. ಇಂದುಮತಿಯ ರೆಪ್ಪೆ ಎರಡು ಸಲ, ಅದೂ ಅರ್ಧಕ್ಕೆ ಬಂದು ಹಿಂದಕ್ಕೆ ಹೋಯಿತು. ಒಲೆಯ ಮೇಲಿನ ಹಾಲಿಗೆ ಕಣ್ಣಿಟ್ಟವರ ಹಾಗೆ ಎಲ್ಲರೂ ಕೂತಿದ್ದರು. ಆ ಹಾಲು ಹತ್ತು ಗಂಟೆ ಕಾದರೂ ಉಕ್ಕುವುದಿಲ್ಲ.

ಮಂಗಳವಾರ ಆಸ್ಪತ್ರೆಗೆ ಕಣ್ಣಿನ ಡಾಕ್ಟರಮ್ಮ ಬರುತ್ತಾರೆ. ಇಂದುಮತಿಯನ್ನು ಕರೆದುಕೊಂಡು ಹೋದೆ. ಅವರು ಅವಳ ಕೆಳರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ತೆಗೆದಾಗ ತುದಿ ಮಾತ್ರ ಒದ್ದೆಯಾಗಿತ್ತು.

"ಈ ರೆಪ್ಪೆಗೆ ಏನು ಹಚ್ಚಿದ್ರಿ?" ಎಂದು ಡಾಕ್ಟರಮ್ಮ ಕೇಳಿದರು.

"ಈರುಳ್ಳಿ. ಹಚ್ಚಿದ್ದು ನಾನೇ," ಎಂದೆ.

"ಗಾಯದ ಮೇಲೆ ಬರೆ ಎಳೆದ್ರಿ. ಇನ್ನು ಮುಟ್ಟಿಸ್ಬೇಡಿ."

ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ರೆಪ್ಪೆ ಪೂರ್ತಿ ಮುಚ್ಚಿ ತೆಗೆದಾಗಲೆಲ್ಲ ಕಣ್ಣಿಗೆ ನೀರು ಸವರಿದ ಹಾಗಂತೆ. ಆ ನೀರು ಆರದಂತೆ ರೆಪ್ಪೆಯ ಅಂಚಿನಿಂದ ಒಂದಿಷ್ಟು ಎಣ್ಣೆಯೂ ಬರುತ್ತದಂತೆ. ಪರದೆಗೆ ಕಣ್ಣು ಅಂಟಿಕೊಂಡವರು ರೆಪ್ಪೆ ಬಡಿಯುವುದನ್ನೇ ಮರೆಯುತ್ತಾರೆ. ಎಣ್ಣೆ ಅಲ್ಲೇ ಗಟ್ಟಿಯಾಗುತ್ತದೆ, ನೀರು ಆರಿಹೋಗುತ್ತದೆ. ದಿನಕ್ಕೆ ಎರಡು ಹೊತ್ತು ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಇಡಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ್ದೇನನ್ನಾದರೂ ನೋಡಿ ಮೆಲ್ಲಗೆ ರೆಪ್ಪೆ ಬಡಿಯಬೇಕು. ಪರದೆ ಕೆಳಗಿರಬೇಕು, ಫ್ಯಾನು ಮುಖಕ್ಕೆ ಹೊಡೆಯಬಾರದು. ಬಾಟಲಿಯ ಹನಿ ಬರೆದುಕೊಟ್ಟರು.

"ಈ ಹನಿ ಬಾಗಿಲಿಗೆ ಆಗುತ್ತಾ ಡಾಕ್ಟ್ರೇ?" ಎಂದು ಇಂದುಮತಿ ಕೇಳಿದಳು.

"ಕಣ್ಣಿಗೆ ಆಗುತ್ತೆ," ಎಂದರು ಅವರು. "ನಿಮ್ಮ ಕಣ್ಣಿಗೆ ಸ್ವಲ್ಪ ಸಮಾಧಾನ ಸಿಗಲಿ. ಬಾಗಿಲ ವಿಷಯ ಕಣ್ಣೇ ನೋಡ್ಕೊಳುತ್ತೆ."

ನಿಂಗಮ್ಮ ಸುಮ್ಮನಿರಲಿಲ್ಲ. ಬಾಟಲಿ ಕಸಿದುಕೊಂಡು ಎರಡು ಹನಿ ಇಂದುಮತಿಯ ಬಾಗಿಲ ಕುಳಿಗೆ ಬಿಟ್ಟಳು. ಬಾಗಿಲು ಕೆಮ್ಮಿದ ಹಾಗೆ ಒಂದು ಶಬ್ದ ಮಾಡಿ ಸುಮ್ಮನಾಯಿತು.

ಮನೆಯಲ್ಲಿ ಬಿಸಿಬಟ್ಟೆ ಇಡುವುದು ನನ್ನ ಕೈಲಿತ್ತು, ಗಿರಣಿ ನನ್ನ ಕೈಲಿರಲಿಲ್ಲ. ಹದಿಮೂರನೇ ದಿನ ಅಲ್ಲಿಯ ಮೇಲ್ವಿಚಾರಕ ಸುಂದರೇಶನ ಹತ್ತಿರ ಹೋದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರನ್ನೂ ಕಿಟಕಿಯಾಚೆ ನೋಡಿಸಲು ಸಾಧ್ಯವೇ ಇಲ್ಲವೆಂದ. ದಿನಕ್ಕೆ ಇಷ್ಟು ಚಿತ್ರ ಮುಗಿಯಲೇಬೇಕು, ಮೇಲಿನವರು ಕೇಳುತ್ತಾರೆ ಎಂದ. ಅವನು ಮಾತಾಡುತ್ತಿದ್ದಾಗ ನಾನು ಅವನ ಕಪಾಟಿನ ಹಿಂದೆ ನೋಡಿದೆ. ಸುತ್ತಿಟ್ಟ ಚಾಪೆ, ಒದ್ದೆ ಟವೆಲು, ಸೋಪಿನ ಡಬ್ಬಿ.

"ಮನೆಗೆ ಹೋಗಿ ಎಷ್ಟು ದಿನ ಆಯ್ತಪ್ಪಾ?" ಎಂದು ಕೇಳಿದೆ.

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಎಂಟು. ಯಾರಿಗೂ ಹೇಳ್ಬೇಡಿ ಅಮ್ಮ. ಹೆಂಡ್ತಿ ಹೆರಿಗೆಗೆ ತವರಿಗೆ ಹೋಗಿದಾಳೆ."

"ಹಸುಗೂಸು ಎತ್ಕೊಂಡು ಬಂದೋಳು ಗೋಡೆ ಮುಂದೆ ನಿಲ್ಬೇಕಾ? ನಿನ್ನ ಮೇಲಿನೋರು ಬಂದು ತೆಗೆದು ಕೊಡ್ತಾರಾ?"

ಮಾರನೇ ದಿನ ಫ್ಯಾನುಗಳು ಗೋಡೆಯ ಕಡೆ ತಿರುಗಿದ್ದವು, ಪರದೆಗಳು ಕೆಳಗಿಳಿದಿದ್ದವು. ಇಪ್ಪತ್ತು ನಿಮಿಷವನ್ನು ಯಾರು ನೆನಪಿಡುವುದು ಎಂಬ ಪ್ರಶ್ನೆ ಬಂತು. ನಾನು ನನ್ನ ಬುಟ್ಟಿಯನ್ನು ಗಿರಣಿಯ ಕಿಟಕಿಯ ಕೆಳಕ್ಕೆ ತಂದುಕೊಂಡೆ. ಆ ರಸ್ತೆಯಲ್ಲಿ ಬಸ್ಸು ಹೆಚ್ಚುಕಡಿಮೆ ಇಪ್ಪತ್ತು ನಿಮಿಷಕ್ಕೊಂದು ಹೋಗುತ್ತದೆ. ಬಸ್ಸು ಹೋದಾಗಲೆಲ್ಲ ತಕ್ಕಡಿಯ ತಟ್ಟೆಯನ್ನು ತೂಕದ ಕಲ್ಲಿನಿಂದ ಬಡಿಯುತ್ತಿದ್ದೆ. ಒಳಗಿನ ಅರವತ್ತು ಜನ ತಲೆಯೆತ್ತಿ ಎದುರಿನ ಬೆಟ್ಟ ನೋಡಿ ಮೆಲ್ಲಗೆ ರೆಪ್ಪೆ ಬಡಿಯುತ್ತಿದ್ದರು. ಮೊದಲ ದಿನ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಾಲ್ಕು ದಿನದಲ್ಲಿ ಆ ಬೆಟ್ಟದ ಮೇಲೆ ಮೇಯುವ ಮೇಕೆಗಳೆಷ್ಟೆಂದು ಪಂಥ ಕಟ್ಟತೊಡಗಿದರು. ಬಸ್ಸುಗಳು ಓಡದ ದಿನ ಮಾತ್ರ ಎಲ್ಲರ ಕಣ್ಣೂ ಉರಿಯಿತು.

ಈರುಳ್ಳಿ ಕೇಳಿ ಬಂದ ಗಿರಣಿಯವರಿಗೆ ಇಲ್ಲವೆಂದೆ.

ಇಪ್ಪತ್ತೈದನೇ ದಿನದ ಹೊತ್ತಿಗೆ ಇಂದುಮತಿಯ ಕಣ್ಣಿನ ಕೆಂಪು ಇಳಿದಿತ್ತು. ಮರಳು ಹಾಕಿದ ಹಾಗಿದೆ ಎನ್ನುವುದನ್ನು ಬಿಟ್ಟಳು. ಆದರೆ ದಿನವೂ ಸಂಜೆ ಬಾಗಿಲ ಮುಂದೆ ನಿಂತು ಬರಿಗೈಯಲ್ಲಿ ವಾಪಸು ಬರುತ್ತಿದ್ದಳು. ಒಳಗಿನ ಗಡಿಯಾರದ ದನಿ ದಿನೇದಿನೇ ತೆಳ್ಳಗಾಗುತ್ತಿತ್ತು. ಅವಳ ನಿದ್ದೆಯೂ ಹಾಗೆಯೇ ಆಯಿತು. ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಿದ್ದಳು.

ಮೂವತ್ತನೇ ದಿನ ಬೆಳಗ್ಗೆ ಗಡಿಯಾರ ಸೀನು ತಡೆದವರ ಹಾಗೆ ಒಮ್ಮೆ ಗುರ್ರೆಂದು ನಿಂತಿತು. ಇಂದುಮತಿ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಬೆಳಗ್ಗಿನಿಂದ ಹೊಸ್ತಿಲ ಮುಂದೆ ಕೂತಳು. ಗಂಡನ ಲಾರಿ ಹೊರಟಿತ್ತು, ಆದರೆ ಇನ್ನೂ ಮೂರು ದಿನದ ದಾರಿ ಇತ್ತು. ಬೀದಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಕೆಂಚಪ್ಪನ ಹೆಂಡತಿಯೂ ಬಂದಳು. ಯಾರೋ, ಅತ್ತೆಯನ್ನು ನೆನೆಸ್ಕೋ ಎಂದರು. ಇನ್ನಾರೋ, ಜುಟ್ಟು ಹಿಡಿದೆಳೀರಿ ಎಂದರು. ಮೇಷ್ಟ್ರು ಹತ್ತಿರ ಬಂದು ಮೂಗಿನ ಕೂದಲ ವಿಷಯ ಸಂಕೋಚದಿಂದ ತಿಳಿಸಿದರು. ಅವಳು ಅದನ್ನೂ ಮಾಡಿ ನೋಡಿದಳು. ಸೀನು ಬಂತು.

ಮಧ್ಯಾಹ್ನ ಒಂದು ಗಂಟೆಗೆ ನಾನು ಅವಳನ್ನು ಎಬ್ಬಿಸಿ ನಮ್ಮ ಮನೆಗೆ ಕರೆತಂದೆ. ರಾಗಿಮುದ್ದೆ, ಹುರುಳಿ ಸಾರು, ಮೇಲೆ ಒಂದು ಚೊಂಬು ಮಜ್ಜಿಗೆ. ಬೇಡವೆಂದಳು, ಬಿಡಲಿಲ್ಲ. ಉಂಡ ಕೈ ತೊಳೆದು ಎಂದಿನಂತೆ ಮಲಗಲು ಹೋದವಳು ಹಾಗೆಯೇ ನಿಂತೆ. ಮಧ್ಯಾಹ್ನ ನನ್ನ ಈರುಳ್ಳಿ ಯಾಕೆ ಹೋಗುವುದಿಲ್ಲ? ಊಟ ಮಾಡಿ ಬಂದವರು, ಹೊಲದಿಂದ ಬಂದವರು, ಅಂಗಡಿ ಮುಚ್ಚಿ ಬಂದವರು ಬಾಗಿಲ ಮುಂದೆ ಏನು ಮಾಡುತ್ತಾರೆ? ನಲವತ್ತು ವರ್ಷ ಮೂಲೆಯಲ್ಲಿ ಕೂತು ನೋಡಿದ್ದೆ, ಕಂಡಿರಲಿಲ್ಲ.

ನಡುಮನೆಯ ತಂಪು ನೆಲದ ಮೇಲೆ ಚಾಪೆ ಹಾಸಿ, "ಮಲಕೋ" ಎಂದೆ.

"ದೊಡ್ಡಮ್ಮ, ಹೊತ್ತು ಮುಳುಗೋಕೆ ಇನ್ನು ಐದು ಗಂಟೆ ಇಲ್ಲ."

"ಅದ್ರಲ್ಲಿ ಮೂರು ನಂಗೆ ಕೊಡು. ನಾನು ಎಬ್ಬಿಸ್ತೀನಿ."

ಬಿಸಿಬಟ್ಟೆಯನ್ನು ಕಣ್ಣ ಮೇಲೆ ಇಟ್ಟು, ತಲೆ ನೇವರಿಸುತ್ತ ಕೂತೆ. ಮೊದಲು ಕೈಬೆರಳು ಸಡಿಲವಾಯಿತು, ಆಮೇಲೆ ಉಸಿರು ಉದ್ದವಾಯಿತು. ತಿಂಗಳ ನಿದ್ದೆ ಒಟ್ಟಿಗೆ ಬಂದು ಬಿತ್ತು.

ನಿಂಗಮ್ಮ ಒಳಗೆ ಇಣುಕಿ ಹಣೆ ಚಚ್ಚಿಕೊಂಡಳು. "ಅಲ್ಲಿ ಮನೆ ಹೋಗ್ತಿದೆ, ಇಲ್ಲಿ ಜೋಗುಳ ಹಾಡ್ತಿದೀಯಲ್ಲ ಚೆನ್ನಾಜಿ, ನಿಂಗೆ ತಲೆ ನೆಟ್ಟಗಿದ್ಯಾ?"

"ಮೆಲ್ಲಗೆ ಮಾತಾಡು. ನೀನೂ ಊಟ ಮಾಡಿ ಬಾ, ಹೊಟ್ಟೆ ತುಂಬ."

ಒಳಗೆ ನಾನು ಧೈರ್ಯವಾಗಿ ಇರಲಿಲ್ಲ. ಹೊಸ್ತಿಲ ಬಿಸಿಲು ಒಂದು ಗೇಣು, ಎರಡು ಗೇಣು ಸರಿಯುವುದನ್ನು ನೋಡುತ್ತ ಕೂತೆ. ಈ ಸಲವೂ ನನ್ನ ಲೆಕ್ಕ ತಪ್ಪಿದರೆ, ಕಣ್ಣು ಸುಟ್ಟವಳೂ ನಾನೇ, ಮನೆ ಕಳೆದವಳೂ ನಾನೇ.

ಐದು ಗಂಟೆಗೆ ಅವಳನ್ನು ಅರ್ಧ ಎಬ್ಬಿಸಿದೆ, ಪೂರ್ತಿ ಅಲ್ಲ. ಮುಖ ತೊಳೆಯಲು ಬಿಡಲಿಲ್ಲ. ತೋಳು ಹಿಡಿದು ಬೀದಿ ದಾಟಿಸಿ ಅವಳ ಬಾಗಿಲ ಮುಂದೆ ನಿಲ್ಲಿಸಿದೆ. ಅವಳು ಏನು ಮಾಡಲಿ ಎಂಬಂತೆ ನನ್ನನ್ನು ನೋಡಿದಳು. ನಾನು ಅವಳ ಎದುರು ನಿಂತು ದವಡೆ ಬಿಚ್ಚಿ, ಅಂಗುಳು ಕಾಣುವ ಹಾಗೆ, ಮಧ್ಯಾಹ್ನ ಉಂಡು ಬಂದವರು ಬಾಗಿಲ ಮುಂದೆ ತೆಗೆಯುವಂಥ ಒಂದು ಆಕಳಿಕೆಯನ್ನು ಸದ್ದು ಮಾಡಿಕೊಂಡು ತೆಗೆದೆ. ಸುಳ್ಳು ಆಕಳಿಕೆಯೇ. ಆದರೆ ಅರ್ಧದಲ್ಲಿ ಅದು ನಿಜವಾಯಿತು. ನಿಂಗಮ್ಮ, "ಇದೇನಿದು ನಾಚ್ಕೆಗೆಟ್ಟ" ಎಂದು ಶುರುಮಾಡಿದವಳು ಮಾತು ಮುಗಿಸಲಾಗದೆ ತಾನೂ ಬಾಯಿ ತೆರೆದಳು. ಅವಳಿಂದ ಮೇಷ್ಟ್ರಿಗೆ ಹೋಯಿತು, ಮೇಷ್ಟ್ರಿಂದ ಕೆಂಚಪ್ಪನ ಹೆಂಡತಿಗೆ. ಬೀದಿಯವರೆಲ್ಲ ಒಬ್ಬರಾದ ಮೇಲೊಬ್ಬರು ಬಾಯಿ ತೆರೆದು ಕಣ್ಣು ಮುಚ್ಚಿದರು. ಗಾಡಿಗೆ ಕಟ್ಟಿದ್ದ ಎತ್ತೊಂದು ನಮ್ಮ ಕಡೆ ತಿರುಗಿ ನೋಡಿತು.

ಇಂದುಮತಿಯ ಮೂಗಿನ ಹೊಳ್ಳೆ ಅರಳಿತು. ಕೈ ಅಡ್ಡ ಹಿಡಿಯಲು ಹೋದಳು, ಆಗಲಿಲ್ಲ. ಕಿವಿಯವರೆಗೂ ಬಾಯಿ ತೆರೆದು, ಕಣ್ಣನ್ನು ಬಿಗಿಯಾಗಿ ಮುಚ್ಚಿ, ಉದ್ದಕ್ಕೆ ಆಕಳಿಸಿದಳು. ಮುಗಿಯುವಷ್ಟರಲ್ಲಿ ಇನ್ನೊಂದು ಬಂತು. ಅವಳು ಕಣ್ಣು ಬಿಟ್ಟಾಗ ಎಡಗಣ್ಣಿನ ಮೂಲೆಯಲ್ಲಿ ಸಾಸಿವೆಯಷ್ಟು ಮಿಂಚಿತು.

ಅವಳು ಹೆಬ್ಬೆರಳಿನಿಂದ ಅದನ್ನು ಎತ್ತಿಕೊಂಡು ಕುಳಿಗೆ ಒತ್ತಿದಳು. ಬಾಗಿಲು ಒಂದು ಗಳಿಗೆ ಯೋಚನೆ ಮಾಡಿದ ಹಾಗಿತ್ತು. ಆಮೇಲೆ ಎಂದಿನಂತೆ ಕಿರ್ರೆಂದು ತೆರೆಯಿತು.

ಅಳಲೆಂದು ತಿಂಗಳೆಲ್ಲ ಅವಳ ಮೇಲೆ ಬಿದ್ದಿದ್ದೆವು. ಬಾಗಿಲು ಯಾವತ್ತೂ ಹನಿ ಯಾಕೆ ಬಂತೆಂದು ಕೇಳಿದ್ದಿಲ್ಲ.

ಒಳಗೆ ಒಂದು ತಿಂಗಳ ಧೂಳು, ಹುಳಿ ಹಿಡಿದ ಹಿಟ್ಟಿನ ವಾಸನೆ. ಅವಳು ನೇರ ಹೋಗಿ ಗಡಿಯಾರ ಎತ್ತಿಕೊಂಡು, ಸೆಲ್ಲು ತೆಗೆದು, ಹೊಸದು ಹಾಕಿದಳು. ಆಮೇಲೆ ಪೊರಕೆ ಹಿಡಿದಳು. ಹೊರಗಿದ್ದ ಗುಂಡುಕಲ್ಲನ್ನು ಬಾಗಿಲಿಗೆ ಅಡ್ಡ ಉರುಳಿಸಿದವಳು ನಿಂಗಮ್ಮ.

ಮಾರನೇ ದಿನದಿಂದ ಗಿರಣಿಯಲ್ಲಿ ಊಟದ ಮೇಲೆ ಕಾಲು ಗಂಟೆ ಎಲ್ಲರೂ ಮೇಜಿನ ಮೇಲೆ ತಲೆಯಿಟ್ಟು ಮಲಗಬೇಕೆಂದು ಸುಂದರೇಶ ಹೇಳಿದ. ಮೇಲಿನವರಿಗೆ ಏನು ಉತ್ತರ ಕೊಟ್ಟನೋ ಕೇಳಲಿಲ್ಲ. ಅವನ ಚಾಪೆ ಕಪಾಟಿನ ಹಿಂದೆ ಕಾಣುತ್ತಿಲ್ಲ. ನಾನು ಇನ್ನೂ ಕಿಟಕಿಯ ಕೆಳಗೇ ಕೂರುತ್ತೇನೆ, ತಟ್ಟೆ ಬಡಿಯಲು ಯಾರಾದರೂ ಬೇಕಲ್ಲ.

ಗುರುಬಸಪ್ಪ ಮೂವತ್ತಮೂರನೇ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದ. ಫೋನಿನಲ್ಲಿ ಅವಳು ವಿಷಯ ಹೇಳಿದ್ದಳು, ಅವನು ನಂಬಿರಲಿಲ್ಲ ಎಂದು ಕಾಣುತ್ತದೆ. ಗಡ್ಡ ಬೆಳೆದಿತ್ತು, ಅಂಗಿಯೆಲ್ಲ ಗ್ರೀಸು. ಬೀದಿಯ ತುದಿಯಿಂದಲೇ ತಲೆ ತಗ್ಗಿಸಿ ಬಂದವನು ಮೊದಲ ಮೆಟ್ಟಿಲು ಹತ್ತಿದ, ತಾಯಿಯನ್ನು ನೆನೆಸಿಕೊಂಡ. ಎರಡನೆಯದು ಹತ್ತಿದ, ಮೂಗು ಸೊರಗುಟ್ಟಿತು. ಮೂರನೆಯದಕ್ಕೆ ಕಣ್ಣು ತುಂಬಿ ಹರಿಯಿತು. ಹೆಬ್ಬೆರಳು ಚಾಚಿ ಕುಳಿ ತಡವಿದ. ಗಾಳಿ ಸಿಕ್ಕಿತು.

ಒಳಗೆ ಅಡುಗೆಮನೆಯಿಂದ ಇಂದುಮತಿಯ ದನಿ ಬಂತು.

"ತೆಗೆದೇ ಇದೆ. ಒಳಗ್ ಬನ್ನಿ."